ಜಾರ್ಜ್ ಅಬ್ರಹಾಂ ಗ್ರಿಯರ್ಸನ್ ಮತ್ತು ಹಿಂದ್ಕೋ ಭಾಷೆಯ ನಕಾಶೆ

ಭಾರತ ಉಪಖಂಡದ ಭಾಷೆಗಳ ಬಗೆಗೆ ನಡೆಯುವ ಯಾವುದೇ ಚರ್ಚೆ ಒಂದಲ್ಲ ಒಂದು ಘಟ್ಟದಲ್ಲಿ ಜಾರ್ಜ್ ಅಬ್ರಹಾಂ ಗ್ರಿಯರ್ಸನ್ ಅವರ ಹೆಸರನ್ನು ಎದುರುಗೊಳ್ಳುತ್ತದೆ. ‘ಲಿಂಗ್ವಿಸ್ಟಿಕ್ ಸರ್ವೆ ಆಫ್ ಇಂಡಿಯಾ’ ಎಂಬ ಬೃಹತ್ ಸಮೀಕ್ಷೆಯ ಸಂಪಾದಕರಾಗಿ ಅವರು ಪ್ರಸಿದ್ಧರು. ಆ ಸಮೀಕ್ಷೆಯ ಬಗೆಗೆ ಎರಡು ಬಗೆಯ ಮಾತುಗಳು ನಮ್ಮಲ್ಲಿ ರೂಢಿಯಲ್ಲಿವೆ. ಅದು ಮತ್ತೆ ಯಾರೂ ಕೈಗೂಡಿಸಲಾಗದ ಸಾಧನೆ ಎಂಬುದು ಒಂದು. ಅದು ವಸಾಹತುಶಾಹಿ ಆಡಳಿತದ ಎಣಿಕೆಯ ಹಂಬಲದಿಂದ ಹುಟ್ಟಿದ ಕಡತ ಎಂಬುದು ಮತ್ತೊಂದು. ಈ ಎರಡೂ ನಿಲುವುಗಳಲ್ಲಿ ಸತ್ಯಾಂಶವಿದೆ. ಆದರೆ ಇಡೀ ಸಮೀಕ್ಷೆಯನ್ನು ಒಟ್ಟಾಗಿ ಹೊಗಳುವ ಅಥವಾ ತೆಗಳುವ ಬದಲು ಒಂದು ಭಾಷೆಯ ವಿಷಯದಲ್ಲಿ ಅದು ಹೇಗೆ ಕೆಲಸ ಮಾಡಿತು ಎಂಬುದನ್ನು ನೋಡಿದರೆ ಗ್ರಿಯರ್ಸನ್ ಅವರ ಸಾಧನೆ ಮತ್ತು ಮಿತಿಗಳೆರಡೂ ಹೆಚ್ಚು ಸ್ಪಷ್ಟವಾಗುತ್ತವೆ. ಈ ಲೇಖನದಲ್ಲಿ ಅಂಥ ಭಾಷೆಯಾಗಿ ಹಿಂದ್ಕೋವನ್ನು ಆರಿಸಿಕೊಳ್ಳಲಾಗಿದೆ. ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ, ಪೇಶಾವರ ಮತ್ತು ಕೊಹಾಟ್ ನಗರಗಳಲ್ಲಿ, ಅಟಕ್ ಸೀಮೆಯಲ್ಲಿ ಹಾಗೂ ಹಜಾರಾ ಪ್ರದೇಶದ ಹರಿಪುರ, ಅಬೊಟಾಬಾದ್, ಮಾನ್ಸೆಹ್ರಾಗಳಲ್ಲಿ ಆಡುವ ನುಡಿಗಳಿಗೆ ಈ ಹೆಸರಿದೆ. ಇವು ಇಂಡೋ-ಆರ್ಯನ್ ನುಡಿಗಳು. ಇವುಗಳ ನೆರೆಯಲ್ಲಿರುವ ಪಶ್ತೊ ಇರಾನಿಯನ್ ವರ್ಗಕ್ಕೆ ಸೇರಿದ್ದು.

ಬಾಲ್ಯ ಮತ್ತು ಶಿಕ್ಷಣ

ಗ್ರಿಯರ್ಸನ್ ಹುಟ್ಟಿದ್ದು 1851ರ ಜನವರಿ 7ರಂದು, ಐರ್ಲೆಂಡಿನ ಡಬ್ಲಿನ್ ಬಳಿಯ ಗ್ಲೆನಗೇರಿಯಲ್ಲಿ. ಅವರದು ಡಬ್ಲಿನ್ನಿನಲ್ಲಿ ಮುದ್ರಣದ ಕಸುಬಿಗೆ ಹೆಸರಾದ ಮನೆತನ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಅವರು ಓದಿದ್ದು ಗಣಿತವನ್ನು. ಅಲ್ಲಿಯೇ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಅಟ್ಕಿನ್ಸನ್ ಅವರ ಸಂಪರ್ಕ ಒದಗಿತು. ಸಂಸ್ಕೃತದ ಪಾಠಗಳು ಮಾತ್ರವಲ್ಲದೆ, ಭಾರತದ ನುಡಿಗಳನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಬೇಕೆಂಬ ಪ್ರೇರಣೆಯೂ ಅವರಿಗೆ ಈ ಗುರುವಿನಿಂದಲೇ ಬಂದಿತು. 1871ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಗ್ರಿಯರ್ಸನ್ 1873ರಲ್ಲಿ ಬಂಗಾಳ ಪ್ರೆಸಿಡೆನ್ಸಿಯ ಸೇವೆಗೆ ಬಂದರು.

ಗಣಿತದ ವಿದ್ಯಾರ್ಥಿಯೊಬ್ಬನು ನುಡಿಗಳ ಅಧ್ಯಯನಕ್ಕೆ ಬಂದುದು ಅವರ ಮುಂದಿನ ಬರವಣಿಗೆಯ ಸ್ವರೂಪದಲ್ಲಿ ಕಾಣಿಸುತ್ತದೆ. ವಿಂಗಡಣೆ, ಕೋಷ್ಟಕ, ಸಂಖ್ಯೆ, ಗಡಿರೇಖೆ ಇವು ಅವರಿಗೆ ಸಹಜವಾಗಿ ಒಗ್ಗಿದ ಸಾಧನಗಳು. ಎಲ್ಲಿಯೂ ಖಚಿತವಾಗಿ ಕಡಿದುಹೋಗದ ಆಡುನುಡಿಗಳ ಜಗತ್ತನ್ನು ಈ ಸಾಧನಗಳಿಂದ ಹಿಡಿಯಬೇಕಾಗಿ ಬಂದುದೇ ಅವರ ಜೀವನದ ಮುಖ್ಯ ಸವಾಲಾಯಿತು.

ಬಿಹಾರದ ವರ್ಷಗಳು

ಸೇವೆಯ ಆರಂಭದಲ್ಲಿ ಗ್ರಿಯರ್ಸನ್ ಉತ್ತರ ಬಂಗಾಳದ ರಂಗಪುರದಲ್ಲಿದ್ದರು. ಅಲ್ಲಿಯ ಆಡುನುಡಿಯ ಬಗೆಗೆ ಹಾಗೂ ಮಾಣಿಕಚಂದ್ರನ ಗೀತೆಯ ಬಗೆಗೆ ಅವರು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನಗಳು 1877 ಮತ್ತು 1878ರಲ್ಲಿ ಪ್ರಕಟವಾದವು. ಅನಂತರದ ಬಹುಭಾಗ ಸೇವೆ ಬಿಹಾರದಲ್ಲಿ ನಡೆಯಿತು. ಶಾಲಾ ಇನ್‌ಸ್ಪೆಕ್ಟರ್, ಮ್ಯಾಜಿಸ್ಟ್ರೇಟ್, ಕೊನೆಗೆ ಬಿಹಾರದ ಅಫೀಮು ಏಜೆಂಟ್ ಹೀಗೆ ವಿವಿಧ ಹುದ್ದೆಗಳಲ್ಲಿ ಅವರು ಕೆಲಸ ಮಾಡಿದರು.

ಆ ಕಾಲದ ಆಡಳಿತ ಬಿಹಾರದ ಜನರ ಮಾತನ್ನು ಹಿಂದಿಯ ಅಪಭ್ರಷ್ಟ ರೂಪವೆಂದೇ ತಿಳಿದಿತ್ತು. ನ್ಯಾಯಾಲಯಕ್ಕೆ ಬರುವ ರೈತನ ಮಾತು ಅಧಿಕಾರಿಗೆ ಅರ್ಥವಾಗುತ್ತಿರಲಿಲ್ಲ. ಅಧಿಕಾರಿಯ ಕಾಗದ ರೈತನಿಗೆ ಅರ್ಥವಾಗುತ್ತಿರಲಿಲ್ಲ. ಗ್ರಿಯರ್ಸನ್ ಈ ಮಾತುಗಳನ್ನು ಮೈಥಿಲಿ, ಮಗಹಿ, ಭೋಜಪುರಿ ಎಂದು ಬೇರೆಬೇರೆಯಾಗಿ ಗುರುತಿಸಿ ವ್ಯಾಕರಣಗಳನ್ನು ರಚಿಸಿದರು. ಉತ್ತರ ಬಿಹಾರದ ಮೈಥಿಲಿ ಕುರಿತ ಗ್ರಂಥ 1881–82ರಲ್ಲಿ ಹೊರಬಂದಿತು. ಬಿಹಾರಿ ಉಪಭಾಷೆಗಳ ಏಳು ವ್ಯಾಕರಣಗಳು 1883ರಿಂದ 1887ರವರೆಗೆ ಪ್ರಕಟವಾದವು. 1885ರ ‘ಬಿಹಾರ್ ಪೆಸಂಟ್ ಲೈಫ್’ ನೇಗಿಲು, ಗಾಣ, ಬಂಡಿ, ಮಡಕೆ, ಮದುವೆ, ಬೆಳೆ ಇವುಗಳಿಗೆ ಸಂಬಂಧಿಸಿದ ಹಳ್ಳಿಯ ಪದಗಳನ್ನು ಪ್ರದೇಶವಾರು ವ್ಯತ್ಯಾಸಗಳೊಡನೆ ಕೊಡುವ ಕೃತಿ. ವೃತ್ತಿಪದಕೋಶಗಳ ರಚನೆಯಲ್ಲಿ ತೊಡಗಿರುವ ಕನ್ನಡ ವಿದ್ವಾಂಸರಿಗೆ ಇದು ಇಂದಿಗೂ ಮಾದರಿಯಾಗಬಲ್ಲುದು. 1889ರಲ್ಲಿ ಹಿಂದೂಸ್ತಾನದ ಆಧುನಿಕ ದೇಶಭಾಷಾ ಸಾಹಿತ್ಯವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಬಿಹಾರದಲ್ಲಿ ಗ್ರಿಯರ್ಸನ್ ಅವರ ಜ್ಞಾನ ಕಿವಿಯಿಂದ ಬಂದುದು. ಅವರು ಆ ಜನರ ನಡುವೆ ಬದುಕಿದ್ದರು, ಅವರ ಮಾತನ್ನು ದಿನನಿತ್ಯ ಕೇಳುತ್ತಿದ್ದರು. ಸಿಂಧೂ ನದಿಯ ಕಡೆಯ ನುಡಿಗಳ ವಿಷಯದಲ್ಲಿ ಈ ಅನುಕೂಲ ಅವರಿಗೆ ಇರಲಿಲ್ಲ. ಅಲ್ಲಿಯ ಜ್ಞಾನ ಬಹುಪಾಲು ಕಾಗದದಿಂದ ಬಂದುದು. ಮುಂದಿನ ಚರ್ಚೆಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಸಮೀಕ್ಷೆಯ ಸ್ವರೂಪ

1886ರಲ್ಲಿ ವಿಯೆನ್ನಾದಲ್ಲಿ ಏಳನೆಯ ಅಂತರರಾಷ್ಟ್ರೀಯ ಪ್ರಾಚ್ಯವಿದ್ಯಾ ಸಮ್ಮೇಳನ ನಡೆಯಿತು. ಅದರಲ್ಲಿ ಪಾಲ್ಗೊಂಡಿದ್ದ ಗ್ರಿಯರ್ಸನ್ ಭಾರತದ ಭಾಷೆಗಳ ವ್ಯವಸ್ಥಿತ ಸಮೀಕ್ಷೆಯ ಅಗತ್ಯವನ್ನು ಮಂಡಿಸಿದರು. ಸಮ್ಮೇಳನ ಅದನ್ನು ಅನುಮೋದಿಸಿ ಭಾರತ ಸರ್ಕಾರಕ್ಕೆ ಶಿಫಾರಸು ಮಾಡಿತು. ಹಣಕಾಸಿನ ತೊಡಕುಗಳಿಂದ ಕೆಲವು ವರ್ಷ ತಡವಾದರೂ 1890ರ ದಶಕದಲ್ಲಿ ಕೆಲಸ ಆರಂಭವಾಯಿತು. 1898ರಲ್ಲಿ ಗ್ರಿಯರ್ಸನ್ ಸಮೀಕ್ಷೆಯ ಅಧೀಕ್ಷಕರಾಗಿ ನೇಮಕಗೊಂಡರು. 1903ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೂ ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನೆಲಸಿ ಈ ಕೆಲಸವನ್ನೇ ಮುಂದುವರಿಸಿದರು. 1901ರ ಜನಗಣತಿ ವರದಿಯ ಭಾಷೆಗಳ ಅಧ್ಯಾಯವನ್ನು ಬರೆದವರೂ ಅವರೇ.

ಸಮೀಕ್ಷೆಯ ವಿಧಾನ ಹೀಗಿತ್ತು. ಮೊದಲು ಪ್ರತಿ ಜಿಲ್ಲೆಯ ಅಧಿಕಾರಿಯಿಂದ ಆ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ನುಡಿಗಳ ಹೆಸರು ಮತ್ತು ಆಡುವವರ ಅಂದಾಜು ಸಂಖ್ಯೆಯನ್ನು ತರಿಸಿಕೊಳ್ಳಲಾಯಿತು. ಅನಂತರ ಪ್ರತಿಯೊಂದು ನುಡಿಗೂ ಮೂರು ಮಾದರಿಗಳನ್ನು ಕೇಳಲಾಯಿತು. ಬೈಬಲ್ಲಿನ ತಪ್ಪಿಹೋದ ಮಗನ ಕಥೆಯ ಅನುವಾದ ಮೊದಲನೆಯದು. ಸ್ಥಳೀಯವಾದ ಒಂದು ಕಥೆ, ಹಾಡು ಅಥವಾ ಹೇಳಿಕೆ ಎರಡನೆಯದು. ನಿಗದಿತ ಪದ ಮತ್ತು ವಾಕ್ಯಗಳ ಪಟ್ಟಿ ಮೂರನೆಯದು. ಈ ಪಟ್ಟಿಯ ಮೂಲರೂಪ 1866ರಲ್ಲಿ ಜಾರ್ಜ್ ಕ್ಯಾಂಪ್‌ಬೆಲ್ ಸಿದ್ಧಪಡಿಸಿದ್ದು. ಒಂದೇ ಕಥೆ ಎಲ್ಲ ನುಡಿಗಳಲ್ಲಿಯೂ ದೊರೆತರೆ ಹೋಲಿಕೆ ಸುಲಭ ಎಂಬುದು ಮೊದಲನೆಯ ಮಾದರಿಯ ಹಿಂದಿನ ತರ್ಕ. ಅನುವಾದದಿಂದ ನುಡಿ ಕೃತಕವಾದರೆ ಎರಡನೆಯ ಮಾದರಿ ಅದನ್ನು ಸರಿದೂಗಿಸಲಿ ಎಂಬುದು ಆಶಯ.

1903ರಿಂದ 1928ರವರೆಗೆ ಹನ್ನೊಂದು ಸಂಪುಟಗಳು ಹತ್ತೊಂಬತ್ತು ಭಾಗಗಳಲ್ಲಿ ಪ್ರಕಟವಾದವು. 179 ಭಾಷೆಗಳು, 544 ಉಪಭಾಷೆಗಳು ಅಲ್ಲಿ ಲೆಕ್ಕಕ್ಕೆ ಬಂದಿವೆ. ಈ ಅಂಕಿಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿ ಮರುಕಳಿಸುತ್ತಲೇ ಇವೆ. ಆದರೆ ಭಾಷೆ ಯಾವುದು, ಉಪಭಾಷೆ ಯಾವುದು ಎಂಬುದರ ತೀರ್ಮಾನ ಎಷ್ಟು ಕಠಿಣವೆಂಬುದನ್ನು ಬಲ್ಲವರು ಈ ಅಂಕಿಗಳನ್ನು ಎಚ್ಚರದಿಂದ ಬಳಸುತ್ತಾರೆ. ಸ್ವತಃ ಗ್ರಿಯರ್ಸನ್ ಅವರಿಗೂ ಈ ಎಚ್ಚರವಿತ್ತು. ಎರಡು ನುಡಿಗಳ ನಡುವಿನ ಗಡಿ ಬೆಟ್ಟದಂತೆ ಎದ್ದು ನಿಲ್ಲುವುದಿಲ್ಲ, ಒಂದು ಮತ್ತೊಂದರಲ್ಲಿ ನಿಧಾನವಾಗಿ ಕರಗುತ್ತ ಹೋಗುತ್ತದೆ ಎಂಬುದನ್ನು ಅವರು ಸಮೀಕ್ಷೆಯುದ್ದಕ್ಕೂ ನೆನಪಿಸುತ್ತಾರೆ.

‘ಲಹಂದಾ’ ಎಂಬ ಹೆಸರು

ಈ ಕರಗುವಿಕೆಗೆ ಪಂಜಾಬಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅಮೃತಸರದಿಂದ ಪಶ್ಚಿಮಕ್ಕೆ ನಡೆಯುತ್ತ ಹೋದವನಿಗೆ ಮಾತು ಹಳ್ಳಿಯಿಂದ ಹಳ್ಳಿಗೆ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತದೆ. ಸಿಂಧೂ ನದಿಯನ್ನು ಮುಟ್ಟುವ ವೇಳೆಗೆ ಅದು ಬೇರೆಯದೇ ಆಗಿರುತ್ತದೆ. ಎಲ್ಲಿ ಬದಲಾಯಿತು ಎಂದು ಹೇಳುವುದು ಮಾತ್ರ ಸಾಧ್ಯವಾಗುವುದಿಲ್ಲ. ಗ್ರಿಯರ್ಸನ್ ಪಶ್ಚಿಮದ ನುಡಿಗಳನ್ನು ಪಂಜಾಬಿಯಿಂದ ಪ್ರತ್ಯೇಕಿಸಿ ಸಿಂಧಿಯೊಡನೆ ವಾಯವ್ಯ ಗುಂಪಿನಲ್ಲಿ ಇರಿಸಿದರು. ಭವಿಷ್ಯತ್ಕಾಲದ ರೂಪಗಳಲ್ಲಿ ಬರುವ ‘ಸ’ಕಾರ, ಕ್ರಿಯಾಪದಕ್ಕೆ ಅಂಟಿಕೊಳ್ಳುವ ಸರ್ವನಾಮ ಪ್ರತ್ಯಯಗಳು ಮುಂತಾದ ಲಕ್ಷಣಗಳು ಅವರಿಗೆ ಆಧಾರವಾದವು. ಗುಜರಾತ್ ಜಿಲ್ಲೆಯ ಪಬ್ಬಿ ಬೆಟ್ಟಗಳಿಂದ ಹೊರಟು ಚೀನಾಬ್ ದಂಡೆಯ ರಾಮನಗರದ ಮೂಲಕ, ಗುಜ್ರನ್‌ವಾಲಾ ಮತ್ತು ಅಂದಿನ ಮಾಂಟ್‌ಗೊಮೆರಿ ಜಿಲ್ಲೆಗಳನ್ನು ಹಾದು, ಸಟ್ಲೆಜ್ ನದಿಯನ್ನು ಮುಟ್ಟಿ ಬಹಾವಲ್‌ಪುರದ ಮೂಲೆಯನ್ನು ದಾಟುವ ಒಂದು ರೇಖೆಯನ್ನು ಅವರು ಎಳೆದರು. ಇದು ವ್ಯವಹಾರಕ್ಕಾಗಿ ಒಪ್ಪಿಕೊಂಡ ರೇಖೆ ಮಾತ್ರ, ಇದರ ಎರಡೂ ಕಡೆಗಳಲ್ಲಿ ಎರಡೂ ಬಗೆಯ ಲಕ್ಷಣಗಳಿವೆ ಎಂದು ಅವರೇ ಒಪ್ಪಿಕೊಂಡಿದ್ದರು. ಆದರೆ ಅಚ್ಚಾದ ಮೇಲೆ ರೇಖೆ ಗಟ್ಟಿಯಾಯಿತು. ಪಂಜಾಬಿ 1916ರ ಒಂಬತ್ತನೆಯ ಸಂಪುಟದಲ್ಲಿ, ಪಶ್ಚಿಮದ ನುಡಿಗಳು 1919ರ ಎಂಟನೆಯ ಸಂಪುಟದಲ್ಲಿ ಪ್ರಕಟವಾದವು. ನೆಲದ ಮೇಲೆ ಒಂದರೊಳಗೊಂದು ಬೆರೆತಿದ್ದ ನುಡಿಗಳು ಗ್ರಂಥಾಲಯದ ಕಪಾಟಿನಲ್ಲಿ ಎರಡು ಪುಸ್ತಕಗಳಾದವು.

ಪಶ್ಚಿಮದ ಗುಂಪಿಗೆ ಹೆಸರೊಂದು ಬೇಕಾಗಿತ್ತು. ರೂಢಿಯಲ್ಲಿ ಹಲವು ಹೆಸರುಗಳಿದ್ದವು: ಪಶ್ಚಿಮ ಪಂಜಾಬಿ, ಜಟ್ಕಿ, ಉಚ್ಚಿ, ಹಿಂದ್ಕಿ ಅಥವಾ ಹಿಂದ್ಕೋ. ಮೊದಲನೆಯದನ್ನು ಒಪ್ಪಿದರೆ ಅದು ಪಂಜಾಬಿಯದೇ ಉಪಭಾಷೆಯೆಂಬ ಭಾವನೆ ಬರುತ್ತದೆ. ಜಟ್ಕಿ ಎಂದರೆ ಒಂದು ಸಮುದಾಯದ ನುಡಿ ಎಂದಾಗುತ್ತದೆ. ಉಚ್ಚಿ ಎಂಬುದು ಉಚ್ ಎಂಬ ಒಂದು ಊರಿನ ನಂಟಿನದು. ಹಿಂದ್ಕೋ ಎಂಬ ಹೆಸರು ಪಶ್ತೊ ಮಾತನಾಡುವವರ ನೆರೆಯಲ್ಲಿ ಹುಟ್ಟಿದ್ದು. ಸಿಂಧೂ ನದಿಯ ಆಚೀಚೆ ಪಠಾಣರಿಗಿಂತ ಭಿನ್ನರಾದ ಜನರ ನುಡಿ, ಹಿಂದ್ ದೇಶದ ನುಡಿ ಎಂಬ ಅರ್ಥ ಅದಕ್ಕಿದೆ. ಹಿಂದೂಗಳ ನುಡಿ ಎಂದೂ ಅದನ್ನು ಅರ್ಥೈಸುವುದುಂಟಾದರೂ ಅದನ್ನು ಆಡುವವರಲ್ಲಿ ಬಹುಸಂಖ್ಯಾತರು ಮುಸಲ್ಮಾನರು. ಆದ್ದರಿಂದ ಗ್ರಿಯರ್ಸನ್ ಈ ಎಲ್ಲವನ್ನೂ ಬದಿಗಿರಿಸಿ, ಪಶ್ಚಿಮ ಎಂಬ ಅರ್ಥದ ‘ಲಹಂದಾ’ ಎಂಬ ಪದವನ್ನು ಆರಿಸಿದರು. ಪೂರ್ವಪಂಜಾಬಿನವನು ಸೂರ್ಯ ಮುಳುಗುವ ದಿಕ್ಕಿನ ಕಡೆ ಕೈತೋರಿಸಿ ಹೇಳುವ ಪದವಿದು. ತಮ್ಮ ನುಡಿಯನ್ನು ಆ ಹೆಸರಿನಿಂದ ಕರೆದುಕೊಳ್ಳುವ ಜನ ಎಲ್ಲಿಯೂ ಇರಲಿಲ್ಲ.

ಹಿಂದ್ಕೋ ಮತ್ತು ಅದರ ಪ್ರಾದೇಶಿಕ ರೂಪಗಳು

ಗ್ರಿಯರ್ಸನ್ ಅವರಿಗಿಂತ ಮೊದಲು ಈ ಪ್ರದೇಶದ ನುಡಿಗಳ ಬಗೆಗೆ ಕೆಲವು ಕೃತಿಗಳು ಬಂದಿದ್ದವು. ಓ’ಬ್ರಯನ್ ಅವರ ಮುಲ್ತಾನಿ ಪದಸಂಗ್ರಹ 1881ರಲ್ಲಿ, ಜೇಮ್ಸ್ ವಿಲ್ಸನ್ ಅವರ ಶಾಹಪುರ ಜಿಲ್ಲೆಯ ನುಡಿಯ ವ್ಯಾಕರಣ 1899ರಲ್ಲಿ, ಆಂಡ್ರ್ಯೂ ಜ್ಯೂಕ್ಸ್ ಅವರ ನಿಘಂಟು 1900ರಲ್ಲಿ ಪ್ರಕಟವಾದವು. ಇವುಗಳ ಗಮನ ಹೆಚ್ಚಾಗಿ ದಕ್ಷಿಣದ ಮತ್ತು ನಡುವಣ ಪ್ರದೇಶದ ಮೇಲಿತ್ತು. ಉತ್ತರದ ಹಿಂದ್ಕೋ ರೂಪಗಳಿಗೆ ಸಮೀಕ್ಷೆಯ ಮಾದರಿಗಳಿಂದಲೇ ಮೊದಲ ಬಾರಿಗೆ ತೌಲನಿಕ ನೆಲೆಯೊಂದು ದೊರೆಯಿತು. ಹಜಾರಾದ ಬೆಟ್ಟಗಳ ನುಡಿ, ಪೇಶಾವರ ಮತ್ತು ಕೊಹಾಟ್ ಪೇಟೆಗಳ ನುಡಿ, ಅಟಕ್ ಕಡೆಯ ಘೇಬಿ, ತಲಗಂಗ್ ಸೀಮೆಯ ಆವಾಣ್‌ಕಾರಿ ಇವು ಪಕ್ಕಪಕ್ಕದಲ್ಲಿ ಬಂದು ನಿಂತವು.

ಹೀಗೆ ನಿಲ್ಲಿಸಿದಾಗ ಒಂದು ಸಂಗತಿ ಹೊರಬಿತ್ತು. ಹಿಂದ್ಕೋ ಎಂಬ ಒಂದೇ ಹೆಸರು ಹೊತ್ತ ನುಡಿಗಳು ಒಂದೇ ಬಗೆಯವಾಗಿರಲಿಲ್ಲ. ಪೇಶಾವರ, ಕೊಹಾಟ್, ಹಜಾರಾ ನುಡಿಗಳು ಉತ್ತರದ ಗುಂಪುಗಳಿಗೆ ಸೇರಿದರೆ, ಡೇರಾ ಇಸ್ಮಾಯಿಲ್ ಖಾನ್ ಜಿಲ್ಲೆಯಲ್ಲಿ ಅದೇ ಹೆಸರಿನಿಂದ ಕರೆಯಲಾಗುತ್ತಿದ್ದ ನುಡಿ ಮುಲ್ತಾನಿಗೆ ಹತ್ತಿರವಾದ ದಕ್ಷಿಣದ ಗುಂಪಿನದಾಗಿತ್ತು. ಹೆಸರು ಹುಟ್ಟಿದ್ದು ನುಡಿಗಳ ಒಳಗಿನ ಸಾಮ್ಯದಿಂದಲ್ಲ, ಪಶ್ತೊವಿನ ನೆರೆಯಿಂದ. ಎಲ್ಲಿ ಪಶ್ತೊ ಇದೆಯೋ ಅಲ್ಲಿ ಅದರಿಂದ ಭಿನ್ನವಾದ ಮಾತು ಹಿಂದ್ಕೋ ಆಯಿತು. ಇದನ್ನು ಗುರುತಿಸಿದ್ದು ಗ್ರಿಯರ್ಸನ್ ಅವರ ವಿಂಗಡಣೆಯ ಗುಣ.

ಮಿತಿಗಳೂ ಅಷ್ಟೇ ಸ್ಪಷ್ಟ. ಮಾದರಿಗಳು ಜಿಲ್ಲಾ ಕಚೇರಿಗಳ ಮೂಲಕ ಬಂದವು. ಓದುಬರಹ ಬಲ್ಲ ನೌಕರನೊಬ್ಬ ಉರ್ದುವಿನ ಪಾಠವನ್ನು ಮುಂದಿಟ್ಟುಕೊಂಡು ಅನುವಾದಿಸಿದಾಗ ವಾಕ್ಯದ ನಡೆ ಉರ್ದುವಿನದೇ ಆಗುವ ಸಂಭವ ಹೆಚ್ಚು. ಹೆಂಗಸರ ಮಾತು, ಓದು ಬಾರದವರ ಮಾತು ಕಚೇರಿಯ ದಾರಿಯಲ್ಲಿ ಸಿಗುವುದು ವಿರಳ. ಇನ್ನೊಂದು ತೊಡಕು ಧ್ವನಿಗೆ ಸಂಬಂಧಿಸಿದ್ದು. ಪಂಜಾಬಿಯಲ್ಲಿರುವಂತೆ ಪೇಶಾವರ ಮುಂತಾದ ಕಡೆಗಳ ನುಡಿಯಲ್ಲಿ ಘೋಷ ಮಹಾಪ್ರಾಣಗಳು ಮರೆಯಾಗಿ ಆ ಸ್ಥಾನದಲ್ಲಿ ಸ್ವರದ ಏರಿಳಿತ ಅರ್ಥಭೇದಕವಾಗಿದೆ. ಒಂದೊಂದು ಕಡೆ ಇದರ ಸ್ವರೂಪ ಒಂದೊಂದು ಬಗೆಯದು. ಪರ್ಷಿಯನ್ ಲಿಪಿಯಲ್ಲಿ ಬರೆದು ಕಳಿಸಿದ ಕಾಗದ ಈ ಏರಿಳಿತವನ್ನು ಹೊತ್ತು ತರಲಾರದು. ಆವಾಣ್‌ಕಾರಿಯ ಧ್ವನಿವ್ಯವಸ್ಥೆಯನ್ನು ಕುರಿತ ಹರದೇವ ಬಾಹರಿಯವರ ಅಧ್ಯಯನ ಮತ್ತು 1980ರಲ್ಲಿ ಪ್ರಕಟವಾದ, ಕೊಹಾಟ್ ಹಾಗೂ ಪೇಶಾವರದ ಹಿಂದ್ಕೋ ಕುರಿತ ಕ್ರಿಸ್ಟೋಫರ್ ಶ್ಯಾಕಲ್ ಅವರ ಲೇಖನ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ಹಿಂದ್ಕೋ ಎಂಬುದು ಪರಸ್ಪರ ಭಿನ್ನವಾದ ನುಡಿಗಳಿಗೆ ಸಂದ ಸಮೂಹನಾಮ ಎಂಬ ಮಾತನ್ನು ಶ್ಯಾಕಲ್ ಇನ್ನಷ್ಟು ಖಚಿತಪಡಿಸಿದರು.

ಗ್ರಿಯರ್ಸನ್ ಅವರ ದೊಡ್ಡ ಸಿದ್ಧಾಂತವೂ ಪ್ರಶ್ನೆಗೊಳಗಾಯಿತು. ಇಂಡೋ-ಆರ್ಯನ್ ಭಾಷೆಗಳನ್ನು ಒಳವಲಯ, ಹೊರವಲಯ ಎಂದು ವಿಂಗಡಿಸಿ ಲಹಂದಾ, ಸಿಂಧಿ, ಮರಾಠಿ, ಬಂಗಾಳಿಗಳನ್ನು ಹೊರವಲಯದಲ್ಲಿ ಇರಿಸಿದ್ದು ಅವರ ಪ್ರಸಿದ್ಧ ವಾದ. 1926ರಲ್ಲಿ ಸುನೀತಿ ಕುಮಾರ ಚಟರ್ಜಿ ತಮ್ಮ ಬಂಗಾಳಿ ಭಾಷೆಯ ಉಗಮ ವಿಕಾಸಗಳ ಗ್ರಂಥದಲ್ಲಿ ಇದನ್ನು ವಿವರವಾಗಿ ವಿಮರ್ಶಿಸಿದರು. ವಿಂಗಡಣೆಯ ಈ ಮೇಲ್ಕಟ್ಟಡ ಅಲುಗಾಡಿದರೂ ಕೆಳಗಿನ ಮಾದರಿಗಳ ತಳಹದಿ ಉಳಿದಿದೆ. ಸಿದ್ಧಾಂತವನ್ನು ತಳ್ಳಿಹಾಕಿದವರು ಕೂಡ ಸಾಮಗ್ರಿಗಾಗಿ ಆ ಸಂಪುಟಗಳನ್ನೇ ತೆರೆಯುತ್ತಾರೆ.

ಕನ್ನಡದ ಸಂದರ್ಭ

ಕಾಗದ ಎಲ್ಲಿಂದ ಬರಲಿಲ್ಲವೋ ಅಲ್ಲಿ ಏನಾಯಿತು ಎಂಬುದಕ್ಕೆ ಕನ್ನಡವೇ ಉದಾಹರಣೆ. ಮದರಾಸು ಪ್ರೆಸಿಡೆನ್ಸಿ ಹಾಗೂ ಮೈಸೂರು, ಹೈದರಾಬಾದ್ ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಯಿಂದ ಹೊರಗುಳಿದವು. 1906ರ ನಾಲ್ಕನೆಯ ಸಂಪುಟದ ದ್ರಾವಿಡ ಭಾಗವನ್ನು ಸಿದ್ಧಪಡಿಸಿದವರು ಗ್ರಿಯರ್ಸನ್ ಅವರ ಸಹಾಯಕರಾಗಿದ್ದ ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊವ್. ಅದರಲ್ಲಿ ಕನ್ನಡದ ಮಾದರಿಗಳು ಮುಖ್ಯವಾಗಿ ಮುಂಬಯಿ ಪ್ರಾಂತದ ಜಿಲ್ಲೆಗಳಿಂದ ಬಂದವು. ಮಧ್ಯಪ್ರಾಂತದಲ್ಲಿ ನೆಲಸಿದ್ದ ದನಗಾಹಿಗಳ ಗೋಲರಿಗೂ ಅಲ್ಲಿ ಸ್ಥಾನ ದೊರೆಯಿತು. ಆದರೆ ಕನ್ನಡದ ಬಹುದೊಡ್ಡ ನೆಲವಾದ ಮೈಸೂರು ಸಂಸ್ಥಾನದ ಆಡುನುಡಿಗಳು, ಮದರಾಸಿಗೆ ಸೇರಿದ್ದ ಕರಾವಳಿಯ ಹಾಗೂ ಬಳ್ಳಾರಿಯ ಕನ್ನಡ, ಹೈದರಾಬಾದಿಗೆ ಸೇರಿದ್ದ ಕಲಬುರಗಿ ಸೀಮೆಯ ಕನ್ನಡ ಇವುಗಳ ಕ್ಷೇತ್ರಸಮೀಕ್ಷೆ ನಡೆಯಲಿಲ್ಲ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಗುಲಬರ್ಗಾ, ಬಾರಕೂರು, ನಂಜನಗೂಡು ಕನ್ನಡಗಳನ್ನು ಕುರಿತ ವಿವರಣಾತ್ಮಕ ಅಧ್ಯಯನಗಳನ್ನು ಪ್ರಕಟಿಸುವವರೆಗೆ ಈ ಅಂತರ ಹಾಗೆಯೇ ಇತ್ತು. ಹಜಾರಾದ ಬೆಟ್ಟಗಳ ನುಡಿಗೆ ದೊರೆತ ದಾಖಲೆ, ಸುದೀರ್ಘ ಸಾಹಿತ್ಯಪರಂಪರೆಯುಳ್ಳ ಕನ್ನಡದ ಹಲವು ಆಡುರೂಪಗಳಿಗೆ ಅದೇ ಕಾಲದಲ್ಲಿ ದೊರೆಯಲಿಲ್ಲ. ನಕಾಶೆಯಲ್ಲಿನ ಖಾಲಿ ಜಾಗಕ್ಕೆ ನುಡಿಯ ಅಭಾವ ಕಾರಣವಲ್ಲ, ಆಡಳಿತದ ಗಡಿ ಕಾರಣ ಎಂಬುದನ್ನು ಸಮೀಕ್ಷೆಯನ್ನು ಬಳಸುವವರು ಮರೆಯುವಂತಿಲ್ಲ.

ಕೊನೆಯ ವರ್ಷಗಳು ಮತ್ತು ಹೆಸರಿನ ಮುಂದಿನ ಗತಿ

ಸಮೀಕ್ಷೆಯ ಜೊತೆಜೊತೆಗೆ ಗ್ರಿಯರ್ಸನ್ ಕಾಶ್ಮೀರಿ ಭಾಷೆಯ ಅಧ್ಯಯನದಲ್ಲಿಯೂ ತೊಡಗಿದ್ದರು. ಅವರ ಕಾಶ್ಮೀರಿ ನಿಘಂಟು 1916ರಿಂದ 1932ರವರೆಗೆ ಹೊರಬಂದಿತು. ಲಲ್ಲಾಳ ವಚನಗಳನ್ನು ಲಯನೆಲ್ ಬಾರ್ನೆಟ್ ಅವರೊಡನೆ ಸಂಪಾದಿಸಿ 1920ರಲ್ಲಿ ಪ್ರಕಟಿಸಿದರು. 1912ರಲ್ಲಿ ಅವರಿಗೆ ಸರ್ ಪದವಿಯೂ ಸಮೀಕ್ಷೆ ಮುಗಿದ 1928ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವವೂ ದೊರೆತವು. 1941ರ ಮಾರ್ಚ್ 9ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಂಬರ್ಲಿಯಲ್ಲಿ ಅವರು ನಿಧನರಾದರು.

ಅವರು ತೀರಿಕೊಂಡ ಆರು ವರ್ಷಗಳಿಗೆ ಹಿಂದ್ಕೋ ನುಡಿಯ ಸಮಾಜ ಒಡೆಯಿತು. 1947ರ ವಿಭಜನೆಯಲ್ಲಿ ಪೇಶಾವರ, ಕೊಹಾಟ್, ಹಜಾರಾಗಳ ಹಿಂದ್ಕೋ ಮಾತನಾಡುವ ಹಿಂದೂಗಳೂ ಸಿಖ್ಖರೂ ಬಹುಸಂಖ್ಯೆಯಲ್ಲಿ ಭಾರತಕ್ಕೆ ಬಂದರು. ಹೊಸ ನೆಲದಲ್ಲಿ ಅವರ ಮಕ್ಕಳು ಹಿಂದಿ, ಪಂಜಾಬಿಗಳ ಕಡೆ ಸಾಗಿದರು. ಅತ್ತ ಪಾಕಿಸ್ತಾನದಲ್ಲಿ ಲಹಂದಾ ಎಂಬ ಹೆಸರು ಭಾಷಾವಿಜ್ಞಾನದ ಪುಸ್ತಕಗಳ ಹೊರಗೆ ಎಂದೂ ನೆಲೆಯೂರಲಿಲ್ಲ. ದಕ್ಷಿಣದವರು 1960ರ ದಶಕದಲ್ಲಿ ಸರಾಯಿಕಿ ಎಂಬ ಹೆಸರನ್ನು ತಮ್ಮದಾಗಿಸಿಕೊಂಡರು. ಪೇಶಾವರ ಮತ್ತು ಹಜಾರಾದವರು, ಗ್ರಿಯರ್ಸನ್ ಸಂದಿಗ್ಧವೆಂದು ಬದಿಗಿರಿಸಿದ್ದ ಹಿಂದ್ಕೋ ಎಂಬ ಹೆಸರನ್ನೇ ಎತ್ತಿಹಿಡಿದರು. 1981ರ ಪಾಕಿಸ್ತಾನದ ಜನಗಣತಿಯಲ್ಲಿ ಹಿಂದ್ಕೋವನ್ನು ಪ್ರತ್ಯೇಕವಾಗಿ ಎಣಿಸಿದಾಗ ಶೇ. 2.4ರಷ್ಟು ಕುಟುಂಬಗಳು ಅದನ್ನು ಮನೆಮಾತಾಗಿ ಬರೆಯಿಸಿದವು. ನೆರೆಯವರು ಇಟ್ಟ ಹೆಸರು ಹೀಗೆ ಆತ್ಮಗೌರವದ ಗುರುತಾಯಿತು.

ಹೆಸರಿನ ಪ್ರಶ್ನೆ ಕೇವಲ ವಿದ್ವಾಂಸರದಲ್ಲ ಎಂಬುದಕ್ಕೆ 2010ರ ಘಟನೆಗಳು ಸಾಕ್ಷಿ. ವಾಯವ್ಯ ಗಡಿನಾಡು ಪ್ರಾಂತಕ್ಕೆ ಆ ವರ್ಷ ಖೈಬರ್ ಪಖ್ತೂನ್‌ಖ್ವಾ ಎಂದು ಮರುನಾಮಕರಣವಾದಾಗ, ಆ ಹೆಸರಿನಲ್ಲಿ ತಮಗೆ ಸ್ಥಾನವಿಲ್ಲವೆಂದು ಹಜಾರಾದ ಹಿಂದ್ಕೋ ಭಾಷಿಕರು ಪ್ರತಿಭಟಿಸಿದರು. ಏಪ್ರಿಲ್ ತಿಂಗಳಲ್ಲಿ ಅಬೊಟಾಬಾದಿನಲ್ಲಿ ನಡೆದ ಪ್ರತಿಭಟನೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಪ್ರತ್ಯೇಕ ಹಜಾರಾ ಪ್ರಾಂತದ ಬೇಡಿಕೆ ಬಲಗೊಂಡಿತು.

ಉಪಸಂಹಾರ

ಗ್ರಿಯರ್ಸನ್ ಅವರ ಬದುಕಿನಿಂದ ಉಪಭಾಷಾ ಅಧ್ಯಯನಕಾರರು ಕಲಿಯಬೇಕಾದುದು ಎರಡು. ಕೀಳೆಂದು ಕಡೆಗಣಿಸಿದ್ದ ನುಡಿಗಳಿಗೆ ಸ್ವಂತ ವ್ಯಾಕರಣವಿದೆ ಎಂದು ತೋರಿಸಲು ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದರು. ಆ ಸಂಪುಟಗಳಿಲ್ಲದಿದ್ದರೆ ನೂರು ವರ್ಷಗಳ ಹಿಂದೆ ಹಜಾರಾದ ರೈತ ಅಥವಾ ಪೇಶಾವರದ ವ್ಯಾಪಾರಿ ಹೇಗೆ ಮಾತನಾಡುತ್ತಿದ್ದನೆಂದು ತಿಳಿಯುವ ದಾರಿ ಬಹಳ ಕಿರಿದಾಗುತ್ತಿತ್ತು. ಇದು ಮೊದಲನೆಯದು. ನುಡಿಯನ್ನು ವಿಂಗಡಿಸುವ ಅಧಿಕಾರ ವಿದ್ವಾಂಸನಿಗಿದೆಯಾದರೂ ಅದನ್ನು ಹೆಸರಿಸುವ ಅಧಿಕಾರ ಕೊನೆಗೂ ಅದನ್ನು ಆಡುವವರದು ಎಂಬುದು ಎರಡನೆಯದು. ಲಹಂದಾ ಎಂಬುದು ಶಾಸ್ತ್ರದೃಷ್ಟಿಯಿಂದ ಅನುಕೂಲಕರವಾದ ಹೆಸರಾಗಿತ್ತು. ಹಿಂದ್ಕೋ ಎಂಬುದು ಒಂದೇ ನುಡಿಯ ಹೆಸರಲ್ಲ, ಒಂದೇ ಧರ್ಮದ ಹೆಸರೂ ಅಲ್ಲ. ಆದರೂ ಜನ ಉಳಿಸಿಕೊಂಡದ್ದು ಅದನ್ನೇ. ನಮ್ಮ ನಾಡಿನಲ್ಲಿ ಹೊಸದಾಗಿ ಭಾಷಾ ನಕಾಶೆಗಳನ್ನು ರಚಿಸುವವರು, ಯಾವ ನುಡಿಗೆ ಯಾವ ಹೆಸರು ಎಂಬುದನ್ನು ತೀರ್ಮಾನಿಸುವ ಮುನ್ನ, ಆ ನುಡಿಯನ್ನಾಡುವವರನ್ನು ಕೇಳುವುದನ್ನು ತಮ್ಮ ವಿಧಾನದ ಮೊದಲ ಹೆಜ್ಜೆಯಾಗಿ ಮಾಡಿಕೊಳ್ಳಬೇಕಾಗಿದೆ.